ಸೈಪ್ರಸ್ ಜೌಗಲ್ಲಿ ಅಷ್ಟೊಂದು ದೊಡ್ಡ ಮರಗಳಿವೆ, ಒಂದೂ ಸಸಿ ಇಲ್ಲ. ಯಾಕೆ?

ಬೇಯೂ ಬಸ್ಯಾ
ಎಲ್ಲರಿಗೂ ನಮಸ್ಕಾರ. ನಾನಿರೋದು ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ. ಇಲ್ಲಿಂದ ಪೂರ್ವಕ್ಕೆ ಮೊರೆಪಾ ಅಂತ ಒಂದು ಸರೋವರ ಇದೆ. ಅದರ ಸುತ್ತಮುತ್ತ ಬಾಲ್ಡ್ ಸೈಪ್ರಸ್ ಮರಗಳ ಜೌಗು. ಹೋದ ವಾರ ಆಫೀಸಿನ ಗೆಳೆಯನ ಜೊತೆ ಕಯಾಕ್ ತಗೊಂಡು ಒಳಗೆ ಹೋಗಿದ್ದೆ. ನೀರು ಕಾಫಿ ಡಿಕಾಕ್ಷನ್ ಬಣ್ಣ. ಬುಡ ಊದಿಕೊಂಡ ಮರಗಳು ನೀರಿಂದ ನೆಟ್ಟಗೆ ಎದ್ದು ನಿಂತಿವೆ. ಎಲೆ ಎಲ್ಲಾ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಪ್ಯಾಡಲ್ ತಾಗಿದರೆ ಸಾಕು, ಎಲೆ ಒಂದೊಂದಾಗಿ ಅಲ್ಲ, ಸಣ್ಣ ಕಡ್ಡಿ ಸಮೇತ ಉದುರುತ್ತಿತ್ತು. ಶಂಕುಮರದ ಜಾತಿಯಾದ್ರೂ ಇದು ಚಳಿಗಾಲಕ್ಕೆ ಬೋಳಾಗುತ್ತೆ. ಬೆಂಗಳೂರಿನ ತೋಟಗಳಲ್ಲಿ ವರ್ಷವಿಡೀ ಹಸಿರಾಗಿರೋ ಸೈಪ್ರಸ್ ಬೇರೆ.

ಈಗ ನನ್ನ ಪ್ರಶ್ನೆ. ಕಂಡ ಮರಗಳೆಲ್ಲಾ ಹೆಚ್ಚುಕಡಿಮೆ ಒಂದೇ ದಪ್ಪ. ಮಧ್ಯದಲ್ಲಿ ಸಣ್ಣ ಮರ ಇಲ್ಲ, ಸಸಿಯಂತೂ ಹುಡುಕಿದರೂ ಸಿಗಲಿಲ್ಲ. ನೀರಲ್ಲಿ ಬೆಳೆಯೋ ಮರ, ನೀರು ಬೇಕಾದಷ್ಟಿದೆ. ಹಾಗಿದ್ರೆ ಮರಿಗಳೆಲ್ಲಾ ಎಲ್ಲಿ ಹೋದವು?

ಹ್ಯೂಸ್ಟನ್ ಹೆಗ್ಡೆ
ನ್ಯೂಟ್ರಿಯಾ ತಿಂದಿರುತ್ತೆ ಮಾರಾಯ್ರೆ. ದೊಡ್ಡ ಹೆಗ್ಗಣದ ಥರದ್ದು, ಹಲ್ಲು ಕಿತ್ತಳೆ ಬಣ್ಣ. ದಕ್ಷಿಣ ಅಮೆರಿಕದ ಪ್ರಾಣಿ. 1930ರ ದಶಕದಲ್ಲಿ ತುಪ್ಪಳದ ವ್ಯಾಪಾರಕ್ಕೆ ಅಂತ ಲೂಸಿಯಾನಕ್ಕೆ ತಂದರು. ತಪ್ಪಿಸಿಕೊಂಡು ಜೌಗು ತುಂಬಾ ಹರಡಿತು. ಈಗ ಅದನ್ನು ಹೊಡೆದು ಬಾಲ ತಂದು ಕೊಟ್ಟರೆ ಸರ್ಕಾರವೇ ಬಾಲಕ್ಕೆ 6 ಡಾಲರ್ ಕೊಡುತ್ತೆ. ತಮಾಷೆ ಅಲ್ಲ, ನಿಜ.

ಕಾನುಮನೆ
ಹೆಗ್ಡೇರು ಹೇಳಿದ್ದು ಒಂದು ಕಾರಣ ಹೌದು. ಆದ್ರೆ ನ್ಯೂಟ್ರಿಯಾ ತಿನ್ನಬೇಕು ಅಂದ್ರೂ ಮೊದಲು ಸಸಿ ಹುಟ್ಟಬೇಕಲ್ವಾ? ನಾನು ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದಿದವಳು, ಈಗ ಜಾರ್ಜಿಯಾದಲ್ಲಿದ್ದೇನೆ. ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಈ ಮರ ನೀರಲ್ಲಿ ಬದುಕುತ್ತೆ, ನೀರಲ್ಲಿ ಹುಟ್ಟಲ್ಲ. ಇದರ ಕಾಯಿ ದುಂಡಗೆ, ಎರಡು ಮೂರು ಸೆಂಟಿಮೀಟರ್ ಅಗಲ. ಬಲಿತ ಕಾಯಿ ಬೆರಳಲ್ಲಿ ಒತ್ತಿದರೆ ಚೂರು ಚೂರಾಗಿ ಬಿಚ್ಚಿಕೊಳ್ಳುತ್ತೆ. ಒಳಗೆ ಸೊಟ್ಟ ಮೂಲೆಗಳ ಬೀಜ, ಜೊತೆಗೆ ಅಂಟು ರಾಳ. ಆ ರಾಳ ಬೆರಳಿಗೆ ಹತ್ತಿದರೆ ಸೋಪಿಗೂ ಬೇಗ ಬಗ್ಗಲ್ಲ. ಬೀಜ ನೀರಿಗೆ ಬಿದ್ದು ತೇಲುತ್ತಾ ಹೋಗುತ್ತೆ. ಮುಳುಗಿದರೂ ಎರಡು ವರ್ಷಕ್ಕಿಂತ ಜಾಸ್ತಿ ಜೀವ ಹಿಡಿದಿರಬಲ್ಲದು. ಆದ್ರೆ ಮೊಳೆಯೋದಕ್ಕೆ ನೀರು ಇಳಿಯಲೇಬೇಕು. ಕೆಸರು ಗಾಳಿಗೆ ತೆರೆದುಕೊಂಡು, ಒಂದರಿಂದ ಮೂರು ತಿಂಗಳು ಹಸಿಯಾಗಿಯೇ ಇರಬೇಕು, ಮೇಲೆ ನೀರು ನಿಲ್ಲಬಾರದು.

ಮೊಳೆತರೂ ಮುಗೀಲಿಲ್ಲ. ಮುಂದಿನ ಪ್ರವಾಹ ಬರೋದರೊಳಗೆ ಸಸಿಯ ತಲೆ ನೀರಿಗಿಂತ ಎತ್ತರ ಹೋಗಿರಬೇಕು. ಎಲೆ ಇರೋ ಕಾಲದಲ್ಲಿ ವಾರಗಟ್ಟಲೆ ಪೂರ್ತಿ ಮುಳುಗಿದರೆ ಉಳಿಯೋದು ಕಷ್ಟ. ಅಂದ್ರೆ ಒಂದು ಒಣ ವರ್ಷ ಬೇಕು, ಅದರ ಹಿಂದೆಯೇ ಒಂದು ಸೌಮ್ಯ ವರ್ಷ ಬೇಕು. ನೂರಾರು ವರ್ಷ ಬದುಕೋ ಮರಕ್ಕೆ ಇಂಥ ಜೋಡಿ ಅಪರೂಪಕ್ಕೊಮ್ಮೆ ಸಿಕ್ಕರೂ ಸಾಕು. ಮೊರೆಪಾದಲ್ಲಿ ಅದೂ ಸಿಗುತ್ತಿಲ್ಲ. ನೆಲ ಕುಸಿಯುತ್ತಿದೆ, ಸಮುದ್ರ ಏರುತ್ತಿದೆ. ಬಹಳ ಕಡೆ ವರ್ಷದ ಹೆಚ್ಚು ಕಾಲ ನೀರು ನಿಂತೇ ಇರುತ್ತೆ. ಬಸ್ಯಾ ಅವರೇ, ನೀವು ನೋಡಿದ್ದು ಮಕ್ಕಳೇ ಇಲ್ಲದ ಕಾಡು.

ಧಾರವಾಡ ಪೇಡೆ
ಅಲ್ರೀ ಮೇಡಂ, ಒಂದು ಸಂಶಯ. ಸಸಿ ಮುಳುಗಿದರೆ ಸಾಯುತ್ತೆ ಅಂದ್ರಿ. ದೊಡ್ಡ ಮರದ ಬೇರೂ ನೀರಲ್ಲೇ ಇರುತ್ತಲ್ರೀ. ಅದು ಹೆಂಗೆ ಸಾಯಲ್ಲ?

ಕಾನುಮನೆ
ದೊಡ್ಡದಾದ ಮೇಲೆ ಅದರ ತಾಳಿಕೆ ನಂಬೋಕೆ ಆಗಲ್ಲ. ಟೆನೆಸಿಯ ರೀಲ್‌ಫುಟ್ ಸರೋವರ ನೋಡಿ. 1811-12ರ ಚಳಿಗಾಲದಲ್ಲಿ ನ್ಯೂ ಮ್ಯಾಡ್ರಿಡ್ ಸುತ್ತ ಭಾರಿ ಭೂಕಂಪಗಳಾದವು. ಅಲ್ಲಿ ನೆಲ ಕುಸಿದು ನೀರು ತುಂಬಿತು, ಕಾಡು ಹೋಗಿ ಸರೋವರ ಆಯ್ತು. ಬೇರೆ ಮರಗಳು ಸತ್ತವು. ಕೆಲವು ಸೈಪ್ರಸ್‌ಗಳು ಇನ್ನೂ ಆ ನೀರಲ್ಲೇ ನಿಂತಿವೆ. ಮುಳುಗಿ 200 ವರ್ಷ ಆಯ್ತು.

ಮೋಸ ಇರೋದು ಇಲ್ಲೇ. ಮರ ನಿಂತಿದೆ, ಹಸಿರಾಗಿದೆ, ಫೋಟೋ ಚೆನ್ನಾಗಿ ಬರುತ್ತೆ. ನೋಡಿದವರು ಜೌಗು ಆರೋಗ್ಯವಾಗಿದೆ ಅಂದ್ಕೋತಾರೆ. ಹೊಸ ಮರ ಹುಟ್ಟೋದು ನಿಂತು ನಾಲ್ಕು ತಲೆಮಾರು ಆದ್ರೂ ದೂರದಿಂದ ಏನೂ ಗೊತ್ತಾಗಲ್ಲ. ಬೇರೆ ಕಾಡಲ್ಲಿ ಮರ ಒಣಗಿದರೆ ಪೇಪರ್‌ನಲ್ಲಿ ಸುದ್ದಿಯಾಗುತ್ತೆ. ಇಲ್ಲಿ ಹುಟ್ಟದೇ ಇರೋದನ್ನು ಯಾರು ಸುದ್ದಿ ಮಾಡ್ತಾರೆ?

ಮರಗೆಲಸ ಮಂಜಣ್ಣ
ಎಲ್ಲಾ ಒಂದೇ ದಪ್ಪ ಯಾಕೆ ಅನ್ನೋದಕ್ಕೆ ನಾನು ಹೇಳ್ತೀನಿ. ಅಟ್ಲಾಂಟಾದಲ್ಲಿ ರಜೆ ದಿನ ಗರಗಸ ಹಿಡಿಯೋ ಮನುಷ್ಯ ನಾನು, ಹಳೇ ಸೈಪ್ರಸ್ ಅಂದ್ರೆ ಪ್ರಾಣ.

ನೀವು ನೋಡಿದ್ದು ಮೂಲ ಕಾಡಲ್ಲ ಬಸ್ಯಾ. 1876ರಲ್ಲಿ ಕಾನೂನು ಬದಲಾಗಿ ಜೌಗು ಭೂಮಿ ಎಕರೆಗೆ ಒಂದು ಡಾಲರ್‌ಗಿಂತಲೂ ಕಡಿಮೆಗೆ ಮಾರಾಟವಾಯ್ತು. ಉತ್ತರದ ಕಂಪನಿಗಳು ಬಂದು ಸಾಲಾಗಿ ಕೊಂಡವು. ಹಸಿ ಸೈಪ್ರಸ್ ದಿಮ್ಮಿ ಭಾರ, ನೀರಿಗೆ ಹಾಕಿದರೆ ಎಷ್ಟೋ ಸಲ ಮುಳುಗುತ್ತೆ. ಅದಕ್ಕೆ ಮೊದಲು ಮರದ ಸುತ್ತ ಕೊಡಲಿಯಿಂದ ಒಂದು ಉಂಗುರ ಕೆತ್ತಿ ಬಿಟ್ಟುಬಿಡೋರು. ಮರ ನಿಂತಲ್ಲೇ ಸತ್ತು ಒಣಗುತ್ತಿತ್ತು. ಆಮೇಲೆ ಕಡಿದು ನೀರು ಏರಿದಾಗ ತೇಲಿಸಿಕೊಂಡು ಹೋಗೋರು. 1890ರ ಹೊತ್ತಿಗೆ ಹಬೆ ಯಂತ್ರದ ಪುಲ್‌ಬೋಟ್ ಬಂತು. ಕಾಲುವೆಯಲ್ಲಿ ದೋಣಿ ಕಟ್ಟಿ, ಅದರಿಂದ ಸುತ್ತಲೂ ಹಗ್ಗ ಬಿಟ್ಟು, ದಿಮ್ಮಿಗಳನ್ನು ಕೆಸರಲ್ಲಿ ಎಳೆಯೋದು. ಎಳೆದ ಜಾಗದಲ್ಲೆಲ್ಲಾ ಚರಂಡಿ ಬಿತ್ತು. ಗೂಗಲ್ ಮ್ಯಾಪ್‌ನಲ್ಲಿ ಉಪಗ್ರಹ ಚಿತ್ರ ಹಾಕಿ ಮೊರೆಪಾದ ಪಕ್ಕ ನೋಡಿ, ಗಾಡಿ ಚಕ್ರದ ಕಡ್ಡಿಗಳ ಹಾಗೆ ಗೆರೆಗಳು ಈಗಲೂ ಕಾಣುತ್ತವೆ.

1930ರ ಸುಮಾರಿಗೆ ದೊಡ್ಡ ಮರ ಮುಗಿಯಿತು, ಗಿರಣಿಗಳೂ ಮುಚ್ಚಿದವು. ಆಗ ಬಿಸಿಲು ಬಿದ್ದ ಕೆಸರಲ್ಲಿ ಒಟ್ಟಿಗೇ ಎದ್ದ ಪೀಳಿಗೆ ನೀವು ಕಂಡಿದ್ದು. ಅದಕ್ಕೇ ಎಲ್ಲಾ ಒಂದೇ ದಪ್ಪ.

ಮರದ ಬಗ್ಗೆ ಒಂದು ಮಾತು. ಹಳೇ ಮರದ ಕೆಚ್ಚು ನೀರಿಗೂ ಗೆದ್ದಲಿಗೂ ಜಗ್ಗಲ್ಲ. ಛಾವಣಿ ಹಲಗೆ, ದೋಣಿ, ನೀರಿನ ತೊಟ್ಟಿ, ಶವಪೆಟ್ಟಿಗೆ, ಎಲ್ಲಕ್ಕೂ ಇದೇ. ಈಗಿನ ಎಳೆ ಮರದಲ್ಲಿ ಕೆಚ್ಚು ಕಡಿಮೆ, ಆ ತಾಳಿಕೆ ಇಲ್ಲ. ಅದಕ್ಕೇ ಆಗ ಮುಳುಗಿಹೋದ ದಿಮ್ಮಿಗಳನ್ನು ನದಿ ತಳದಿಂದ ಎತ್ತಿ ಒಳ್ಳೇ ಬೆಲೆಗೆ ಮಾರ್ತಾರೆ. ನೂರು ವರ್ಷ ಕೆಸರಲ್ಲಿದ್ದ ಹಲಗೆ ಮೇಲೆ ಹತರಿ ಓಡಿಸಿದರೆ ಒಳಗೆ ಜೇನು ಬಣ್ಣ, ಅಲ್ಲಲ್ಲಿ ಹಸಿರು ಛಾಯೆ. ವಾಸನೆ ಸ್ವಲ್ಪ ಹುಳಿ.

ಹ್ಯೂಸ್ಟನ್ ಹೆಗ್ಡೆ
ಇಷ್ಟು ಒಳ್ಳೇ ಮರವನ್ನು ಪುಡಿ ಮಾಡಿ ಚೀಲದಲ್ಲಿ ಮಾರ್ತಾರಲ್ಲ, ಹೂವಿನ ಗಿಡದ ಬುಡಕ್ಕೆ ಹರಡೋಕೆ! ನಮ್ಮ ಓಣಿಯಲ್ಲಿ ಎಲ್ಲರೂ ತರ್ತಾರೆ.

ಕಾನುಮನೆ
ಅದು ನನ್ನ ಹೊಟ್ಟೆ ಉರಿಸೋ ವಿಷಯ. ಮತ್ತೆ ಹುಟ್ಟೋ ಜಾಗದಲ್ಲಿ ಕಡಿದರೆ ಒಂದು ಮಾತು. ಮತ್ತೆ ಹುಟ್ಟದ ಜಾಗದಲ್ಲಿ ಕಡಿದರೆ ಅಲ್ಲಿ ಉಳಿಯೋದು ಬರೀ ತೆರೆದ ನೀರು. ಪೈನ್ ತೊಗಟೆ ಚೀಲ ಪಕ್ಕದಲ್ಲೇ ಇರುತ್ತೆ, ಅದನ್ನು ತನ್ನಿ.

ಒಡ್ಡಿನ ಪಕ್ಕದ ಮನೆ
ನ್ಯೂ ಆರ್ಲಿಯನ್ಸ್ ಹತ್ತಿರ ಮನೆ, ಸಿವಿಲ್ ಇಂಜಿನಿಯರ್. ಇಂಥ ಚರ್ಚೆ ಕೊನೆಗೆ ಒಡ್ಡಿನ ಮೇಲೆ ಬಂದು ನಿಲ್ಲುತ್ತೆ ಅಂತ ಗೊತ್ತು, ಅದಕ್ಕೆ ನಾನೇ ಶುರು ಮಾಡ್ತೀನಿ. 1927ರಲ್ಲಿ ಮಿಸಿಸಿಪ್ಪಿ ಉಕ್ಕಿ ಲಕ್ಷಾಂತರ ಜನ ಮನೆ ಕಳಕೊಂಡರು. ಮರುವರ್ಷ ಅಮೆರಿಕದ ಸಂಸತ್ತು ಕಾನೂನು ಮಾಡಿ ನದಿಯ ಎರಡೂ ಕಡೆ ಒಡ್ಡು ಗಟ್ಟಿ ಮಾಡಿಸಿತು. ಆ ಒಡ್ಡು ಇಲ್ಲದಿದ್ದರೆ ನಾನು ಇಲ್ಲಿ ಕೂತು ಟೈಪ್ ಮಾಡ್ತಾ ಇರಲಿಲ್ಲ.

ಕಾನುಮನೆ
ಸರ್, ಒಡ್ಡು ಕೆಡವಿ ಅಂತ ಯಾರೂ ಹೇಳಲ್ಲ. ಆದ್ರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಮೊದಲು ವಸಂತದಲ್ಲಿ ನದಿ ಉಕ್ಕಿದಾಗ ಸಿಹಿನೀರು, ಮೆಕ್ಕಲು ಮಣ್ಣು ಎರಡೂ ಜೌಗಿಗೆ ಬರುತ್ತಿದ್ದವು. ಇಲ್ಲಿನ ನೆಲ ತಾನಾಗಿಯೇ ಕುಸಿಯೋ ಜಾತಿಯದು. ವರ್ಷ ವರ್ಷ ಬೀಳುತ್ತಿದ್ದ ಮೆಕ್ಕಲು ಆ ಕುಸಿತವನ್ನು ಸರಿದೂಗಿಸುತ್ತಿತ್ತು. ನದಿ ಕಟ್ಟಿಹಾಕಿದ ಮೇಲೆ ಮಣ್ಣೆಲ್ಲಾ ಸೀದಾ ಮೆಕ್ಸಿಕೋ ಕೊಲ್ಲಿಗೆ. ನೆಲ ಕುಸಿಯಿತು, ನೀರು ನಿಂತಿತು, ಸಸಿ ಹುಟ್ಟೋದು ನಿಂತುಹೋಯ್ತು. ಮೊರೆಪಾಕ್ಕೆ ಒಡ್ಡಿನಲ್ಲಿ ಬಾಗಿಲಿಟ್ಟು, ಬೇಕಾದಷ್ಟೇ ನದಿ ನೀರು ಬಿಡೋ ಯೋಜನೆ ಬಗ್ಗೆ ಎರಡು ದಶಕ ಬರೀ ಮಾತಾಡಿದರು, 2024ರ ಕೊನೆಯಲ್ಲಿ ಕೆಲಸ ಶುರುವಾಯ್ತು.

ಒಡ್ಡಿನ ಪಕ್ಕದ ಮನೆ
ಬಾಗಿಲಿಟ್ಟರೆ ನನ್ನ ತಕರಾರಿಲ್ಲ. ತೆರೆಯೋದು ಮುಚ್ಚೋದು ನಮ್ಮ ಕೈಯಲ್ಲಿರಬೇಕು, ಅಷ್ಟೇ. ನಮ್ಮ ಕಡೆ ಇನ್ನೂ ಕೆಟ್ಟ ಉದಾಹರಣೆ ಇದೆ. 1960ರ ದಶಕದಲ್ಲಿ ಹಡಗುಗಳಿಗೆ ಹತ್ತಿರದ ದಾರಿ ಅಂತ ನ್ಯೂ ಆರ್ಲಿಯನ್ಸ್‌ನಿಂದ ಕೊಲ್ಲಿಗೆ ಸುಮಾರು 120 ಕಿಲೋಮೀಟರ್ ಕಾಲುವೆ ತೋಡಿದರು, ಎಲ್ಲರೂ ಮಿಸ್ಟರ್ ಗೋ ಅಂತ ಕರೀತಾರೆ. ಬಂದಿದ್ದು ಹಡಗಿಗಿಂತ ಜಾಸ್ತಿ ಉಪ್ಪುನೀರು. ಸೈಪ್ರಸ್ ನೀರನ್ನು ಎಷ್ಟಾದ್ರೂ ತಡೆಯುತ್ತೆ, ಉಪ್ಪನ್ನು ತಡೆಯಲ್ಲ. ಬೇಯೂ ಬೆನ್‌ವೆನ್ಯೂ ಅನ್ನೋ ಹಳ್ಳದ ಹತ್ತಿರ ಇದ್ದ ಸೈಪ್ರಸ್ ಕಾಡು ಪೂರ್ತಿ ಸತ್ತಿತು. ಈಗ ನ್ಯೂ ಆರ್ಲಿಯನ್ಸ್‌ನ ಲೋವರ್ ನೈನ್ತ್ ವಾರ್ಡ್ ಬಡಾವಣೆಯ ಕೊನೆಯಲ್ಲಿ ಒಂದು ಮರದ ಅಟ್ಟಣೆ ಇದೆ, ಮೇಲೆ ನಿಂತರೆ ನೀರಲ್ಲಿ ಬರೀ ಮೋಟುಗಳು ಕಾಣುತ್ತವೆ. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಅಲೆಯನ್ನು ತಡೆಯೋಕೆ ಅಲ್ಲಿ ಮರವೇ ಇರಲಿಲ್ಲ. 2009ರಲ್ಲಿ ಕಲ್ಲು ಹಾಕಿ ಕಾಲುವೆ ಮುಚ್ಚಿದರು. ಇಂಜಿನಿಯರ್ ಆಗಿ ಹೇಳ್ತೀನಿ, ಅದು ತೋಡಲೇಬಾರದಿತ್ತು.

ನಿರ್ವಾಹಕ
ಇಲ್ಲಿ ಪಕ್ಷ ರಾಜಕೀಯ ಎಳೆದ ಎರಡು ಕಾಮೆಂಟ್ ತೆಗೆದಿದ್ದೇನೆ. ಮರದ ವಿಷಯ ಮುಂದುವರಿಸಿ.

ಧಾರವಾಡ ಪೇಡೆ
ರಾಜಕೀಯ ಬಿಡ್ರಿ. ನೀರಿಂದ ಗೂಟದ ಹಂಗೆ ಮೇಲೆ ಬಂದಿರ್ತಾವಲ್ಲ, ಅವೇನು? ಹಳೇ ಮರದ ಮೋಟಾ?

ಬೇಯೂ ಬಸ್ಯಾ
ಮೋಟಲ್ಲ ಸರ್, ಮಂಡಿ ಬೇರು. ಬದುಕಿರೋ ಮರದ ಬೇರಿಂದ ಎದ್ದಿರುತ್ತೆ. ಕೆಲವು ನನ್ನ ಸೊಂಟದವರೆಗೆ ಇದ್ದವು. ತುದಿ ನುಣ್ಣಗೆ, ಕೆಂಪು ತೊಗಟೆ. ಗೈಡ್‌ಗಳು ಮರ ಉಸಿರಾಡೋಕೆ ಅಂತ ಹೇಳ್ತಾರೆ.

ಕಾನುಮನೆ
ಗೈಡ್‌ಗಳಷ್ಟು ಸಲೀಸಾಗಿ ವಿಜ್ಞಾನಿಗಳು ಹೇಳಲ್ಲ. ಇನ್ನೂರು ವರ್ಷದಿಂದ ಇದರ ಮೇಲೆ ಜಗಳ. ಮಂಡಿಗಳನ್ನು ಕಡಿದುಹಾಕಿದರೂ ಮರಕ್ಕೆ ಏನೂ ಆಗದೇ ಇದ್ದಿದ್ದುಂಟು. ಮೆತ್ತನೆ ಕೆಸರಲ್ಲಿ ಆಸರೆಗೆ ಅನ್ನೋರಿದ್ದಾರೆ. ಮಂಡಿಯ ಮೂಲಕ ಬೇರಿಗೆ ಆಮ್ಲಜನಕ ಹೋಗುತ್ತೆ ಅಂತ ಅಳೆದು ತೋರಿಸಿದವರೂ ಇದ್ದಾರೆ. ಒಣ ನೆಲದಲ್ಲಿ ನೆಟ್ಟ ಮರಕ್ಕೆ ಮಂಡಿ ಬರೋದು ಕಡಿಮೆ.

ನಮ್ಮೂರಿನವರಿಗೆ ಮಂಡಿ ಬೇರು ಹೊಸದಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋಗಿ, ಹಳ್ಳದ ಬದಿಯ ರಾಮಪತ್ರೆ ಜಾತಿಯ ಮರಗಳ ಜೌಗಿನಲ್ಲಿ ನೋಡಿ. ಆದ್ರೆ ಕಟ್ಟುವ ರೀತಿ ಬೇರೆ. ನಮ್ಮಲ್ಲಿ ಬೇರು ಕೆಸರಿಂದ ಮೇಲೆ ಬಂದು, ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತೆ, ನಿಜವಾದ ಮಡಿಸಿದ ಮಂಡಿ. ಸೈಪ್ರಸ್‌ನಲ್ಲಿ ಬೇರು ಕೆಳಗೇ ಮಲಗಿರುತ್ತೆ, ಅದರ ಬೆನ್ನ ಮೇಲೆ ಗೋಪುರ ಏಳುತ್ತೆ. ಎರಡಕ್ಕೂ ನೆಂಟಸ್ತಿಕೆ ಏನೂ ಇಲ್ಲ. ಕೆಸರಲ್ಲಿ ಬದುಕಬೇಕಾಗಿ ಬಂದಾಗ ಎರಡೂ ತಮ್ಮ ತಮ್ಮ ದಾರಿ ಹಿಡಿದಿವೆ. ಆಪತ್ತು ಮಾತ್ರ ತದ್ವಿರುದ್ಧ. ಮೊರೆಪಾದಲ್ಲಿ ನೀರು ಇಳಿಯಲ್ಲ. ನಮ್ಮ ಕಡೆ ಇಂಥ ಎಷ್ಟೋ ಜೌಗಿನ ನೀರು ಬಸಿದು ಗದ್ದೆ, ಅಡಿಕೆ ತೋಟ ಮಾಡಿದ್ದಾರೆ. ಕತ್ತಲೆಕಾನಿನ ಹೆಸರನ್ನೇ ಹೊತ್ತ ಸೆಮಿಕಾರ್ಪಸ್ ಮರ ವಿಜ್ಞಾನಕ್ಕೆ ಗೊತ್ತಾಗಿದ್ದೇ 2000ದಲ್ಲಿ. ಅಷ್ಟರೊಳಗೆ ಎಷ್ಟು ಜೌಗು ತೋಟವಾಗಿ ಹೋಗಿತ್ತೋ.

ಫ್ಲೋರಿಡಾ ಅಜ್ಜಿ
ಮಕ್ಕಳೇ, ನಾನೂ ಬರೀಬಹುದಾ? ಫ್ಲೋರಿಡಾದ ನೇಪಲ್ಸ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಹತ್ತಿರದಲ್ಲೇ ಕಾರ್ಕ್‌ಸ್ಕ್ರೂ ಜೌಗು ಇದೆ. ಕಡಿಯೋರ ಕೈಯಿಂದ 1954ರಲ್ಲಿ ಆಡುಬಾನ್ ಅನ್ನೋ ಹಕ್ಕಿ ಸಂರಕ್ಷಣೆ ಸಂಸ್ಥೆಯವರು ಉಳಿಸಿಕೊಂಡ ಜಾಗ. ಮಂಜಣ್ಣ ಹೇಳಿದ ಕೊಡಲಿ ಕಾಣದ ಮರಗಳು ಅಲ್ಲಿವೆ. ಹಲಗೆ ದಾರಿ ಮಾಡಿದ್ದಾರೆ, ನನ್ನ ಮಂಡಿ ನೋವಲ್ಲೂ ನಿಧಾನಕ್ಕೆ ನಡೀಬಹುದು.

ನಾನು ಹೋಗೋದು ಹಕ್ಕಿಗೆ. ಅಲ್ಲಿ ವುಡ್ ಸ್ಟಾರ್ಕ್ ಅಂತ ಕೊಕ್ಕರೆ ಇದೆ, ನಮ್ಮ ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆಯ ಹತ್ತಿರದ ನೆಂಟ. ಅದು ಕಣ್ಣಿಂದ ಮೀನು ಹುಡುಕಲ್ಲ. ಕೊಕ್ಕು ಅರ್ಧ ತೆರೆದು ನೀರಲ್ಲಿ ಇಟ್ಕೊಂಡು ನಡೆಯುತ್ತೆ, ಮೀನು ತಾಗಿದ ಕೂಡಲೇ ಟಪ್ ಅಂತ ಮುಚ್ಚುತ್ತೆ. ಹಾಗಾಗಿ ನೀರು ಇಳಿದು ಮೀನೆಲ್ಲಾ ಸಣ್ಣ ಗುಂಡಿಗಳಲ್ಲಿ ಸೇರಿದಾಗಲೇ ಅದಕ್ಕೆ ಊಟ, ಮರಿಗೂ ಊಟ. ಕಾನುಮನೆ ಹೇಳಿದ ಹಾಗೆ ಸಸಿಗೆ ನೀರು ಇಳಿಯಬೇಕು, ಕೊಕ್ಕರೆಗೂ ಇಳಿಯಬೇಕು. ನಮ್ಮಲ್ಲಿ ತೊಂದರೆ ಏನು ಅಂದ್ರೆ ಸುತ್ತ ಊರು ಬೆಳೆದು ನೀರು ಬೇಗ ಬೇಗ ಬಸಿದು ಹೋಗುತ್ತೆ. ಗುಂಡಿಗಳು ಹೊತ್ತಿಗೆ ಮೊದಲೇ ಒಣಗುತ್ತವೆ. ಹಿಂದೆ ಸಾವಿರಾರು ಜೋಡಿ ಗೂಡು ಕಟ್ಟುತ್ತಿದ್ದ ಜಾಗದಲ್ಲಿ ಈಗ ಎಷ್ಟೋ ವರ್ಷ ಗೂಡೇ ಇರಲ್ಲ.

ಹ್ಯೂಸ್ಟನ್ ಹೆಗ್ಡೆ
ಅಜ್ಜೀ, ನಿಮ್ಮ ರಾಜ್ಯದಲ್ಲೇ ಅಲ್ವಾ ಆ ಸೆನೆಟರ್ ಅನ್ನೋ ಮರ ಇದ್ದಿದ್ದು?

ಫ್ಲೋರಿಡಾ ಅಜ್ಜಿ
ಹೌದಪ್ಪಾ, ಲಾಂಗ್‌ವುಡ್‌ನಲ್ಲಿ. ವಯಸ್ಸು ಸುಮಾರು 3,500 ವರ್ಷ ಅಂತ ಅಂದಾಜು. 2012ರ ಜನವರಿಯಲ್ಲಿ ಯಾರೋ ಅದರ ಪೊಟರೆಯೊಳಗೆ ಕೂತು ಮಾದಕ ವಸ್ತು ಸೇದೋಕೆ ಬೆಂಕಿ ಹಚ್ಚಿದರು. ಒಳಗಿಂದ ಹೊತ್ತಿ ಚಿಮಣಿ ಥರ ಉರಿದು ಬಿದ್ದುಹೋಯ್ತು. ಅದರ ಕೊಂಬೆಯಿಂದ ಮೊದಲೇ ಬೆಳೆಸಿದ್ದ ಒಂದು ಗಿಡವನ್ನು ಮರುವರ್ಷ ಅಲ್ಲೇ ಹತ್ತಿರ ನೆಟ್ಟಿದ್ದಾರೆ. ಮೂರು ಸಾವಿರ ವರ್ಷ ಸಿಡಿಲು, ಚಂಡಮಾರುತ ಎಲ್ಲಾ ತಡಕೊಂಡಿತ್ತು. ಏನು ಹೇಳೋದು.

ಮರಗೆಲಸ ಮಂಜಣ್ಣ
ವಯಸ್ಸಿನ ಮಾತು ಬಂತು ಅಂತ ಹೇಳ್ತೀನಿ. ಸೆನೆಟರ್‌ದು ಅಂದಾಜು. ಉಂಗುರ ಎಣಿಸಿ ಸಿಕ್ಕ ಲೆಕ್ಕ ಬೇಕಿದ್ರೆ ಉತ್ತರ ಕೆರೊಲಿನಾದ ಬ್ಲ್ಯಾಕ್ ರಿವರ್‌ಗೆ ಹೋಗಿ. ಅರ್ಕಾನ್ಸಾ ವಿಶ್ವವಿದ್ಯಾಲಯದ ಡೇವಿಡ್ ಸ್ಟಾಲ್ ಮತ್ತು ಅವರ ತಂಡ ಕಾಂಡದಿಂದ ಪೆನ್ಸಿಲ್ ದಪ್ಪದ ಕಡ್ಡಿ ತೆಗೆದು ಉಂಗುರ ಎಣಿಸಿದರು. ಅಲ್ಲಿನ ಒಂದು ಮರಕ್ಕೆ ಕಡಿಮೆ ಅಂದ್ರೂ 2,624 ವರ್ಷ ಅಂತ 2019ರಲ್ಲಿ ಪ್ರಕಟಿಸಿದರು. ನೋಡೋಕೆ ದೊಡ್ಡದೇನಲ್ಲ, ತಲೆ ಮುರಿದು ಸೊಟ್ಟಗಿದೆ. ಸೊಟ್ಟಗಿದ್ದಿದ್ದಕ್ಕೇ ಗಿರಣಿಯವರು ಮುಟ್ಟಿರಲಿಕ್ಕಿಲ್ಲ.

ಅದೇ ಸ್ಟಾಲ್ ತಂಡ 1998ರಲ್ಲಿ ವರ್ಜೀನಿಯಾ ಕಡೆಯ ಸೈಪ್ರಸ್ ಉಂಗುರ ಓದಿ ಇನ್ನೊಂದು ವಿಷಯ ಹೇಳಿತ್ತು. ರೋನೋಕ್ ದ್ವೀಪದ ಇಂಗ್ಲಿಷ್ ವಸಾಹತಿನ ಜನ ಮಾಯವಾದ್ರಲ್ಲ, 1587ರಿಂದ 89ರವರೆಗಿನ ಆ ಮೂರು ವರ್ಷ ಅಲ್ಲಿ 800 ವರ್ಷಗಳಲ್ಲೇ ಕಂಡರಿಯದ ಬರ. ಆಮೇಲಿನ ಇಂಗ್ಲಿಷ್ ವಸಾಹತು ಜೇಮ್ಸ್‌ಟೌನ್ ಶುರುವಾದಾಗಲೂ ಏಳು ವರ್ಷದ ಬರ. ನೀರಿಳಿದ ವರ್ಷ ಉಂಗುರ ಸಣ್ಣ, ಅಷ್ಟೇ ಗುಟ್ಟು.

ಕಾನುಮನೆ
ಮಂಜಣ್ಣ, ಜನಕ್ಕೆ ಕೂಳಿಲ್ಲದ ಆ ವರ್ಷಗಳಲ್ಲೇ ಜೌಗಲ್ಲಿ ಸಸಿ ಎದ್ದಿರಬೇಕು, ಯೋಚನೆ ಮಾಡಿ.

ಬೇಯೂ ಬಸ್ಯಾ
ಇಷ್ಟೊಂದು ಸಿಗುತ್ತೆ ಅಂತ ಅಂದ್ಕೊಂಡಿರಲಿಲ್ಲ. ಒಂದು ಕೊನೆ ಪ್ರಶ್ನೆ. ಇಲ್ಲಿ ಚಳಿಗಾಲದಲ್ಲಿ ಸ್ವಯಂಸೇವಕರನ್ನು ಕರ್ಕೊಂಡು ಸೈಪ್ರಸ್ ನೆಡ್ತಾರೆ. ಹೋಗೋಣ ಅಂತಿದ್ದೀನಿ. ಹುಟ್ಟಲ್ಲ ಅಂದ ಮೇಲೆ ನೆಟ್ಟರೆ ಬದುಕುತ್ತಾ?

ಕಾನುಮನೆ
ಬದುಕುತ್ತೆ. ಹುಟ್ಟೋ ಕಷ್ಟದ ಭಾಗ ನರ್ಸರಿಯಲ್ಲೇ ಮುಗಿದಿರುತ್ತೆ. ಎತ್ತರದ ಸಸಿಯನ್ನೇ ಕೊಡ್ತಾರೆ, ತಲೆ ನೀರಿಗಿಂತ ಮೇಲಿರಲಿ ಅಂತ. ಎಲೆ ಇಲ್ಲದ ಕಾಲ, ಹಾಗಾಗಿ ಕೈಗೆ ಬರೋದು ಒಂದು ಒಣ ಕಡ್ಡಿ, ಸತ್ತಿದೆ ಅಂದ್ಕೋಬೇಡಿ. ನೆಟ್ಟ ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸೋದನ್ನು ಮರೀಬೇಡಿ, ಅದು ನ್ಯೂಟ್ರಿಯಾಗೆ. ಕೊಳವೆ ಇಲ್ಲದಿದ್ರೆ ಒಂದೇ ರಾತ್ರಿಯಲ್ಲಿ ಸಾಲು ಸಾಲೇ ಕಡಿದುಹಾಕುತ್ತೆ. ಉಪ್ಪಿನ ಜಾಗದಲ್ಲಿ ನೆಡಿಸಿದ್ರೆ ಮಾತ್ರ ಕೇಳಿ, ನೀರು ಪರೀಕ್ಷೆ ಮಾಡಿದ್ದೀರಾ ಅಂತ.

ಒಂದು ಮಾತು ಮಾತ್ರ ನೆನಪಿರಲಿ. ನಾವು ನೆಟ್ಟ ಮರವೂ ನಾಳೆ ಅದೇ ನಿಂತ ನೀರಿಗೇ ಬೀಜ ಉದುರಿಸುತ್ತೆ. ನೀರು ಏರಿ ಇಳಿಯೋ ಹಾಗೆ ಆಗೋವರೆಗೂ ಅಲ್ಲಿ ಪ್ರತಿ ಪೀಳಿಗೆಗೂ ಯಾರಾದ್ರೂ ಹೋಗಿ ನೆಡಲೇಬೇಕು.

ಒಡ್ಡಿನ ಪಕ್ಕದ ಮನೆ
ಬಸ್ಯಾ, ಯಾವ ಶನಿವಾರ ಅಂತ ಹೇಳಿ, ನಾನೂ ಬರ್ತೀನಿ. ಮಕ್ಕಳನ್ನು ಕರ್ಕೊಂಡು ಬರಬಹುದಾ?

ಬೇಯೂ ಬಸ್ಯಾ
ಬನ್ನಿ ಸರ್. ಸಣ್ಣ ಮಕ್ಕಳನ್ನು ದೋಣಿಗೆ ಹತ್ತಿಸ್ತಾರೋ ಇಲ್ವೋ ವಿಚಾರಿಸಿ ತಿಳಿಸ್ತೀನಿ. ಮೊಣಕಾಲವರೆಗಿನ ಬೂಟು ಸಾಕಾಗಲ್ಲವಂತೆ, ಸೊಂಟದವರೆಗಿಂದು ಅವರೇ ಕೊಡ್ತಾರಂತೆ. ಬುತ್ತಿ ನಮ್ಮದು. ನಮ್ಮನೆಯವಳು ಚಿತ್ರಾನ್ನ ಮಾಡ್ತೀನಿ ಅಂದಿದ್ದಾಳೆ, ಎಷ್ಟು ಜನ ಅಂತ ಗುರುವಾರದೊಳಗೆ ಹೇಳಿಬಿಡಿ.